ಮೂಲೆ ಸೇರಿದ್ದ ಲ್ಯಾಪ್‌ಟಾಪ್‌ನಿಂದ ಒಂದು ಅಳತೆ ಯಂತ್ರ

ನನ್ನ ಕೆಲಸ ಕಂಪೈಲರ್‌ಗಳದ್ದು, ಅಂದರೆ ನಾವು ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತಿರುಗಿಸುವ ಸಾಫ್ಟ್‌ವೇರ್‌ನದ್ದು. ಪ್ರೋಗ್ರಾಂ ಇನ್ನಷ್ಟು ಬೇಗ ಓಡಲು ಕಂಪೈಲರ್‌ನಲ್ಲಿ ಏನು ಬದಲಿಸಬಹುದು ಅಂತ ಹುಡುಕಬೇಕು. ಬದಲಿಸಿದ ಮೇಲೆ ನಿಜಕ್ಕೂ ಬೇಗ ಆಯಿತಾ ಅಂತ ಅಳೆಯಬೇಕು. ಹೊರಗಿನಿಂದ ನೋಡುವವರಿಗೆ ಮೊದಲನೆಯದೇ ಕಷ್ಟ ಅನ್ನಿಸುತ್ತದೆ, ಆದರೆ ಹೊತ್ತು ತಿನ್ನುವುದು ಎರಡನೆಯದು. ಬೆಳಿಗ್ಗೆ ಬೇರೆಯವರ ಪ್ರಬಂಧ ಓದಿ ಅಭಿಪ್ರಾಯ ಬರೆಯುವುದು, ಆಮೇಲೆ ಮೀಟಿಂಗ್, ಸಂಜೆ ಹೊತ್ತಿಗೆ ಒಂದಿಷ್ಟು ಕೋಡ್. ಇದರ ನಡುವೆ ಎಲ್ಲೋ ಒಂದು ಕಡೆ ಬೆಂಚ್‌ಮಾರ್ಕ್, ಅಂದರೆ ವೇಗ ಅಳೆಯಲೆಂದೇ ಓಡಿಸುವ ಪ್ರೋಗ್ರಾಂ, ಓಡುತ್ತಲೇ ಇರಬೇಕು.

ಆ 'ಎಲ್ಲೋ ಒಂದು ಕಡೆ' ಅನ್ನುವುದೇ ತಲೆನೋವು. ದಿನಾ ಬಳಸುವ ಹೊಸ ಲ್ಯಾಪ್‌ಟಾಪ್‌ನಲ್ಲಿ ಒಂದೇ ಪ್ರೋಗ್ರಾಂ ಎರಡು ಸಲ ಓಡಿಸಿದರೆ ಎರಡು ಬೇರೆ ಸಮಯ ಬರುತ್ತದೆ. ವಿಡಿಯೋ ಮೀಟಿಂಗ್ ತೆರೆದಿದ್ದರೆ ಒಂದು, ಚಾರ್ಜರ್ ಕಿತ್ತಿದ್ದರೆ ಇನ್ನೊಂದು. ಅದರ ಪ್ರೊಸೆಸರ್‌ನಲ್ಲಿ ಪ್ರೋಗ್ರಾಂ ಓಡಿಸುವ ಘಟಕಗಳಲ್ಲೇ ದೊಡ್ಡ ಕೋರ್, ಚಿಕ್ಕ ಕೋರ್ ಅಂತ ಎರಡು ಜಾತಿ ಬೇರೆ. ನಮ್ಮ ಪ್ರೋಗ್ರಾಂ ಯಾವುದರ ಪಾಲಿಗೆ ಬಿತ್ತು ಅನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ಕ್ಲೌಡ್‌ನಲ್ಲಿ ಬಾಡಿಗೆ ಯಂತ್ರ ತೆಗೆದುಕೊಂಡರೆ ಪಕ್ಕದ ಬಾಡಿಗೆದಾರ ಏನು ಮಾಡುತ್ತಿದ್ದಾನೆ ಅಂತ ನಮಗೆ ಕಾಣುವುದೂ ಇಲ್ಲ. ನಾವು ಹುಡುಕುತ್ತಿರುವ ಲಾಭವೋ ನೂರಕ್ಕೆ ಎರಡು ಮೂರು. ಯಂತ್ರವೇ ನೂರಕ್ಕೆ ಐದು ಆಚೀಚೆ ಆಡಿದರೆ ಏನು ಅಳೆದ ಹಾಗಾಯಿತು?

ಅಳೆಯುವ ಯಂತ್ರ ವೇಗವಾಗಿ ಇರಬೇಕಾಗಿಲ್ಲ. ಪ್ರತಿ ಸಲ ಒಂದೇ ಥರ ಇದ್ದರೆ ಸಾಕು. ಹಾಗಂತ ಯೋಚಿಸಿದಾಗ ಮೂಲೆ ಸೇರಿದ್ದ ಹಳೆಯ ಲ್ಯಾಪ್‌ಟಾಪ್ ನೆನಪಾಯಿತು. ಎರಡು ಕೋರ್, ಒಂದೇ ಕೋರ್‌ನಲ್ಲಿ ಎರಡು ಕೆಲಸ ಓಡಿಸುವ ಹೈಪರ್‌ಥ್ರೆಡಿಂಗ್ ಇರುವ ಇಂಟೆಲ್ ಪ್ರೊಸೆಸರ್, ಮೂಲ ವೇಗ 2 ಗಿಗಾಹರ್ಟ್ಸ್, ಟರ್ಬೋ ಸೇರಿದರೆ 3ರ ಹತ್ತಿರ. 8 ಜಿಬಿ ಮೆಮೊರಿ, ತಿರುಗುವ ಹಾರ್ಡ್ ಡಿಸ್ಕ್. ಇವತ್ತಿನ ಲೆಕ್ಕಕ್ಕೆ ಏನೂ ಅಲ್ಲ. ಅದನ್ನು ಬಿಚ್ಚಿ, ಸರಿ ಮಾಡಿ, ಅಳತೆಗೆ ಅಂತಲೇ ಮೀಸಲಿಟ್ಟ ಕಥೆ ಇದು.

ಬ್ಯಾಟರಿ

ಮೊದಲ ಸುಳಿವು ಕೊಟ್ಟದ್ದು ಟಚ್‌ಪ್ಯಾಡ್. ಒತ್ತಿದರೆ ಕ್ಲಿಕ್ ಆಗುತ್ತಿರಲಿಲ್ಲ. ಟೇಬಲ್ ಮೇಲಿಟ್ಟರೆ ಲ್ಯಾಪ್‌ಟಾಪ್ ಸಮನಾಗಿ ಕೂರದೆ ಅಲ್ಲಾಡುತ್ತಿತ್ತು. ಈ ಎರಡೂ ಒಟ್ಟಿಗೆ ಕಂಡರೆ ಟಚ್‌ಪ್ಯಾಡ್ ಬದಲಿಸುವ ಯೋಚನೆ ಬಿಟ್ಟು ಬ್ಯಾಟರಿ ನೋಡಬೇಕು. ಲಿಥಿಯಂ ಅಯಾನ್ ಸೆಲ್ ಹಳೆಯದಾದಾಗ ಒಳಗಿನ ದ್ರವ ಒಡೆದು ಗ್ಯಾಸ್ ಆಗುತ್ತದೆ. ಪೊಟ್ಟಣದ ಥರ ಇರುವ ಸೆಲ್ ಆದರೆ ಹೊರಗೆ ಹೋಗಲು ದಾರಿ ಇಲ್ಲದೆ ಉಬ್ಬುತ್ತದೆ. ಸದಾ ಚಾರ್ಜರ್‌ಗೆ ಸಿಕ್ಕಿಸಿಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಇದು ಜಾಸ್ತಿ. ಸೆಲ್ ಪೂರ್ತಿ ತುಂಬಿದ 4.2 ವೋಲ್ಟ್‌ನಲ್ಲೇ ನಿಂತಿರುತ್ತದೆ, ಪಕ್ಕದಲ್ಲೇ ಪ್ರೊಸೆಸರ್‌ನ ಬಿಸಿ. ಎರಡೂ ಸೇರಿದರೆ ಅದರ ಆಯಸ್ಸು ಬೇಗ ಕರಗುತ್ತದೆ.

ಹಿಂದಿನ ಮುಚ್ಚಳದ ಸ್ಕ್ರೂಗಳು ಒಂದೇ ಉದ್ದದವಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ತಿರುಗಿಸಿದರೆ ಮುಂಗೈ ಇಡುವ ಪ್ಲಾಸ್ಟಿಕ್ ತೂತಾಗುತ್ತದೆ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪ್‌ನ ಆಕಾರ ಗೀಚಿ, ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿದೆ. ಮುಚ್ಚಳ ತೆಗೆದ ಕೂಡಲೇ ಬೇರೆ ಏನನ್ನೂ ಮುಟ್ಟುವ ಮುಂಚೆ ಮಾಡಬೇಕಾದ್ದು ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಚಾರ್ಜರ್ ಕಿತ್ತಿದ್ದರೂ ಬ್ಯಾಟರಿ ಇರುವವರೆಗೆ ಬೋರ್ಡ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಬ್ಯಾಟರಿಯ ಮೂರು ಸೆಲ್‌ಗಳಲ್ಲಿ ಮಧ್ಯದ್ದು ದಿಂಬಿನ ಹಾಗೆ ಎದ್ದು ನಿಂತಿತ್ತು. ಸ್ಕ್ರೂ ಜೊತೆಗೆ ಅಂಟೂ ಇತ್ತು. ಇಲ್ಲಿ ಆತುರ ಕೂಡದು. ಲೋಹದ ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಲು ಹೋದರೆ ಪೊಟ್ಟಣ ಹರಿದು, ಒಳಗೆ ಶಾರ್ಟ್ ಆಗಿ, ಬೆಂಕಿಯೇ ಹತ್ತಬಹುದು. ಹಳೆಯ ಪ್ಲಾಸ್ಟಿಕ್ ಕಾರ್ಡ್ ಒಂದನ್ನು ಅಂಚಿನಿಂದ ತೂರಿಸಿ, ಸ್ವಲ್ಪ ಸ್ವಲ್ಪವೇ ಮುಂದೆ ತಳ್ಳುತ್ತಾ ಅಂಟು ಬಿಡಿಸಿದೆ. ಎಲ್ಲೂ ಬಗ್ಗಿಸಲಿಲ್ಲ. ತೆಗೆದದ್ದನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮರಳಿನ ಮೇಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆ. ಇದನ್ನು ಮನೆಯ ಕಸದ ಬುಟ್ಟಿಗೆ ಹಾಕಲೇಬಾರದು.

ಹೊಸ ಬ್ಯಾಟರಿ ಹಾಕಬೇಕಾ? ಬೇಡ ಅಂತ ತೀರ್ಮಾನಿಸಿದೆ. ಕೆಲವು ಲ್ಯಾಪ್‌ಟಾಪ್‌ಗಳು ಬ್ಯಾಟರಿ ಇಲ್ಲದಿದ್ದರೆ ಪ್ರೊಸೆಸರ್‌ನ ವೇಗವನ್ನು ತಾವಾಗಿಯೇ ಇಳಿಸಿಬಿಡುತ್ತವೆ. ಒಂದು ಕ್ಷಣಕ್ಕೆ ಜಾಸ್ತಿ ಕರೆಂಟ್ ಬೇಕಾದಾಗ ಚಾರ್ಜರ್ ಒಂದರಿಂದಲೇ ಆಗದು, ಬ್ಯಾಟರಿ ಕೈಜೋಡಿಸಬೇಕು ಅನ್ನುವ ಲೆಕ್ಕದಲ್ಲಿ ಅವನ್ನು ಹಾಗೆ ಮಾಡಿರುತ್ತಾರೆ. ಬೇರೆಯವರಿಗೆ ಇದು ದೊಡ್ಡ ತೊಂದರೆ. ನಾನು ಹೇಗಿದ್ದರೂ ವೇಗವನ್ನು ಕೆಳಗೇ ಕಟ್ಟಿಹಾಕುವವನು. ಒಂದೇ ನಷ್ಟ, ಕರೆಂಟ್ ಹೋದರೆ ಯಂತ್ರ ಅಲ್ಲೇ ಸಾಯುತ್ತದೆ. ಅದಕ್ಕೆ ಪ್ರತಿ ಫಲಿತಾಂಶ ಬಂದ ಕೂಡಲೇ ಡಿಸ್ಕ್‌ಗೆ ಬರೆದು, ಇನ್ನೊಂದು ಪ್ರತಿಯನ್ನು ಬೇರೆ ಯಂತ್ರಕ್ಕೆ ಕಳಿಸುವ ಹಾಗೆ ಮಾಡಿದೆ.

ಫ್ಯಾನ್ ಮತ್ತು ಪೇಸ್ಟ್

ಬಿಚ್ಚುವ ಮುಂಚೆಯೇ ಒಂದು ಸಲ ಪೂರ್ತಿ ಹೊರೆ ಹಾಕಿ ನೋಡಿದ್ದೆ. ನಿಮಿಷದೊಳಗೆ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿ, ವೇಗ ದಡಕ್ಕನೆ ಕುಸಿಯುತ್ತಿತ್ತು. ಇದು ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳುವ ರೀತಿ. ಸುಟ್ಟುಹೋಗುವ ಬದಲು ನಿಧಾನವಾಗುತ್ತದೆ. ಸ್ವಲ್ಪ ತಣ್ಣಗಾದರೆ ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. ಗ್ರಾಫ್ ಗರಗಸದ ಅಂಚಿನಂತೆ ಕಾಣುತ್ತಿತ್ತು. ಇಂಥ ಯಂತ್ರದಲ್ಲಿ ಮೊದಲು ಓಡಿಸಿದ ಪ್ರೋಗ್ರಾಂಗೆ ಯಾವಾಗಲೂ ಲಾಭ, ಎರಡನೆಯದಕ್ಕೆ ಯಾವಾಗಲೂ ನಷ್ಟ. ನಡುವೆ ಕೋಡ್ ಬದಲಾಗದೇ ಇದ್ದರೂ ಹಾಗೇ.

ಹೊರಗಿನಿಂದ ನೋಡಿದರೆ ಫ್ಯಾನ್ ಸ್ವಚ್ಛವಾಗೇ ಇತ್ತು. ಧೂಳು ಕೂರುವುದು ಫ್ಯಾನ್ ಮತ್ತು ಪ್ರೊಸೆಸರ್‌ನ ಬಿಸಿ ಎಳೆದುಕೊಳ್ಳುವ ಹೀಟ್‌ಸಿಂಕ್‌ನ ತೆಳು ತಗಡುಗಳ ನಡುವೆ. ಫ್ಯಾನ್‌ನ ಮೇಲಿನ ತಟ್ಟೆ ಬಿಚ್ಚಿದಾಗ ನೂಲು, ಕೂದಲು, ಧೂಳು ಸೇರಿ ಗಟ್ಟಿಯಾದ ಒಂದು ಪಟ್ಟಿಯೇ ಕೈಗೆ ಬಂತು. ಗಾಳಿ ಹೋಗುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಸುಮ್ನೆ ಹೊರಗಿನಿಂದ ಗಾಳಿ ಊದಿದ್ದರೆ ಅದು ಇನ್ನಷ್ಟು ಒಳಗೆ ಒತ್ತಿಕೊಳ್ಳುತ್ತಿತ್ತು ಅಷ್ಟೇ. ಊದುವಾಗ ಫ್ಯಾನ್‌ನ ರೆಕ್ಕೆ ತಿರುಗದಂತೆ ಒಂದು ಕಡ್ಡಿಯಿಂದ ಹಿಡಿದುಕೊಳ್ಳಬೇಕು. ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಹೀಟ್‌ಸಿಂಕ್ ಎತ್ತಿದಾಗ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಸೀಮೆಸುಣ್ಣದ ಪುಡಿಯಾಗಿತ್ತು. ಪೇಸ್ಟ್‌ನ ಕೆಲಸ ಏನು ಅಂತ ತಿಳಿದರೆ ಎಷ್ಟು ಹಾಕಬೇಕು ಅನ್ನುವುದೂ ತಿಳಿಯುತ್ತದೆ. ಪ್ರೊಸೆಸರ್‌ನ ಮೇಲ್ಮೈ, ತಾಮ್ರದ ಮೇಲ್ಮೈ ಎರಡೂ ಕಣ್ಣಿಗೆ ನುಣುಪು, ಆದರೆ ಒಳಗೆ ಸಣ್ಣ ಸಣ್ಣ ಗುಂಡಿಗಳು. ಅವುಗಳಲ್ಲಿ ಗಾಳಿ ತುಂಬಿರುತ್ತದೆ, ಗಾಳಿಯಲ್ಲಿ ಬಿಸಿ ದಾಟುವುದು ತೀರಾ ಕಡಿಮೆ. ಪೇಸ್ಟ್ ಆ ಗುಂಡಿ ತುಂಬಲಿಕ್ಕೆ ಮಾತ್ರ. ತಾಮ್ರದ ಮುಂದೆ ಪೇಸ್ಟ್ ಕೂಡ ಬಿಸಿ ಸಾಗಿಸುವುದರಲ್ಲಿ ಬಡಪಾಯಿ. ದಪ್ಪಗೆ ಬಳಿದರೆ ಅದೇ ಅಡ್ಡಗೋಡೆ.

ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬಟ್ಟೆ ಒದ್ದೆ ಮಾಡಿ ಎರಡೂ ಕಡೆ ಒರೆಸಿದೆ. ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ಸಿಲಿಕಾನ್ ತುಂಡೇ ನೇರ ಕಾಣುತ್ತದೆ. ಉಗುರು, ಬ್ಲೇಡು ತಾಗಿಸಿದರೆ ಅಂಚು ಒಡೆಯುತ್ತದೆ, ಒಡೆದರೆ ಅಲ್ಲಿಗೆ ಮುಗಿಯಿತು. ಹೊಸ ಪೇಸ್ಟ್ ಒಂದು ಸಣ್ಣ ಹನಿಯಷ್ಟು ಹಾಕಿ ಹೀಟ್‌ಸಿಂಕ್ ಕೂರಿಸಿದೆ. ಅದರ ಸ್ಕ್ರೂಗಳ ಪಕ್ಕ 1, 2, 3, 4 ಅಂತ ನಂಬರ್ ಅಚ್ಚಾಗಿರುತ್ತದೆ. ಅದೇ ಕ್ರಮದಲ್ಲಿ, ಒಂದನ್ನೇ ಪೂರ್ತಿ ಬಿಗಿಯದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋಗಬೇಕು. ಆಗ ಒತ್ತಡ ಎಲ್ಲ ಕಡೆ ಸಮ ಬೀಳುತ್ತದೆ.

ಅದೇ ಹೊರೆ ಮತ್ತೆ ಹಾಕಿದೆ. ಏರಿದ ಶಾಖ 70ರ ಆಸುಪಾಸಿನಲ್ಲಿ ನಿಂತಿತು, ಅಲ್ಲಿಂದ ಕದಲಲಿಲ್ಲ. ಗರಗಸ ಹೋಗಿ ಗ್ರಾಫ್ ನೇರ ಗೆರೆಯಾಯಿತು.

ಗಡಿಯಾರದ ಸೆಲ್, ಡಿಸ್ಕ್, ಮೆಮೊರಿ

ಬ್ಯಾಟರಿ ತೆಗೆದ ಮೇಲೆ ಪ್ಲಗ್ ಕಿತ್ತಾಗಲೆಲ್ಲ ಯಂತ್ರ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತಿತ್ತು. ಬೋರ್ಡ್ ಮೇಲಿನ ಗಡಿಯಾರ ಓಡಿಸುವ ಸಿಆರ್2032 ಸೆಲ್ ಸತ್ತಿತ್ತು. ತಾರೀಖು ತಪ್ಪಿದರೆ ಏನಾಯಿತು ಅನ್ನಬಹುದು. ತಾರೀಖು ಹಿಂದಕ್ಕೆ ಹೋದರೆ ವೆಬ್‌ಸೈಟ್‌ಗಳ ಸರ್ಟಿಫಿಕೇಟ್‌ಗಳು 'ಇನ್ನೂ ಜಾರಿಗೇ ಬಂದಿಲ್ಲ' ಅಂತ ಸಂಪರ್ಕ ಮುರಿಯುತ್ತದೆ. ಡೆಬಿಯನ್ ಅನ್ನುವ ಲಿನಕ್ಸ್‌ನ ಪ್ಯಾಕೇಜ್ ಪಟ್ಟಿಯೂ ಅದೇ ಕಾರಣಕ್ಕೆ ಬೇಡ ಅನ್ನುತ್ತದೆ. ಪ್ರೋಗ್ರಾಂ ಕಟ್ಟಲು ಬಳಸುವ ಮೇಕ್ ಅನ್ನುವ ಸಾಧನವಂತೂ ಫೈಲ್‌ಗಳ ತಾರೀಖು ನೋಡಿಯೇ ಯಾವುದನ್ನು ಮತ್ತೆ ಕಟ್ಟಬೇಕು ಅಂತ ತೀರ್ಮಾನಿಸುವುದು. ಭವಿಷ್ಯದ ತಾರೀಖಿನ ಫೈಲ್ ಕಂಡರೆ ಗೊಂದಲಕ್ಕೆ ಬೀಳುತ್ತದೆ.

ಸೆಲ್ ಸಾಮಾನ್ಯದ್ದೇ, 20 ಮಿಲಿಮೀಟರ್ ಅಗಲ, 3 ವೋಲ್ಟ್. ಆದರೆ ಹೋಲ್ಡರ್‌ನಲ್ಲಿ ಕೂರುವ ಬಗೆಯಲ್ಲ. ಎರಡು ವೈರ್ ಬೆಸೆದು ಪ್ಲಾಸ್ಟಿಕ್ ತೋಳು ಹಾಕಿದ ಬಗೆ. ಬರಿಯ ಸೆಲ್ ತಂದು ಅದಕ್ಕೆ ನೇರವಾಗಿ ಬೆಸುಗೆ ಹಾಕುವುದು ಒಳ್ಳೆಯ ಉಪಾಯವಲ್ಲ, ಆ ಬಿಸಿಗೆ ಸೆಲ್ ಹಾಳಾಗುತ್ತದೆ, ಸಿಡಿಯಲೂಬಹುದು. ವೈರ್ ಸಮೇತ ಬರುವುದನ್ನೇ ತರಿಸಿ ಸಿಕ್ಕಿಸಿದೆ.

ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತಿನದು. ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಅಳೆಯುತ್ತಿರುವ ಪ್ರೋಗ್ರಾಂ ಕೆಲವೇ ಮಿಲಿಸೆಕೆಂಡ್ ಓಡುವಂಥದ್ದಾದರೆ ಡಿಸ್ಕ್ ಒಂದು ಸುತ್ತು ಕಾಯಿಸಿದರೂ ಲೆಕ್ಕ ತಲೆಕೆಳಗು. ತನ್ನ ಆರೋಗ್ಯದ ಬಗ್ಗೆ ಡಿಸ್ಕ್ ಕೊಡುವ ಸ್ಮಾರ್ಟ್ ವರದಿಯಲ್ಲಿ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳೂ ಇದ್ದವು. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿದೆ. ಹಳೆಯದು 9.5 ಮಿಲಿಮೀಟರ್ ದಪ್ಪ, ಹೊಸದು 7. ಉಳಿದ ಸಂದಿಗೆ ಚೌಕಟ್ಟು ಇಟ್ಟರೆ ಸರಿ. ಮೆಮೊರಿಯನ್ನು ರಾತ್ರಿಯಿಡೀ ಮೆಮ್‌ಟೆಸ್ಟ್‌ಗೆ ಬಿಟ್ಟೆ, ದೋಷ ಕಾಣಲಿಲ್ಲ.

ಮುಚ್ಚುವಾಗ ಕೀಬೋರ್ಡ್‌ನ ಪಟ್ಟಿ ಕೇಬಲ್ ಬಗ್ಗೆ ಒಂದು ಮಾತು. ಅದರ ಕನೆಕ್ಟರ್‌ಗೆ ಎಬ್ಬಿಸುವ ಒಂದು ಸಣ್ಣ ಚಿಲಕ ಇರುತ್ತದೆ. ಚಿಲಕ ಎಬ್ಬಿಸಿ, ಕೇಬಲ್ ತಳ್ಳಿ, ಚಿಲಕ ಒತ್ತಬೇಕು. ಬಲ ಹಾಕಬೇಕು ಅನ್ನಿಸಿದರೆ ಚಿಲಕ ಇನ್ನೂ ಮುಚ್ಚೇ ಇದೆ ಅಂತ ಅರ್ಥ.

ಸುಮ್ಮನಿರಿಸುವುದು

ಇಲ್ಲಿಂದ ಮುಂದೆ ಸ್ಕ್ರೂಡ್ರೈವರ್ ಬೇಡ. ಡೆಬಿಯನ್ ಹಾಕಿದೆ, ಗ್ರಾಫಿಕ್ಸ್ ಪರದೆ ಇಲ್ಲದೆ. ಕಿಟಕಿ ತೋರಿಸುವ ಸಾಫ್ಟ್‌ವೇರ್ ಯಾವುದೂ ಇಲ್ಲ. ವೈಫೈ ತೆಗೆದು ವೈರ್ ಜೋಡಿಸಿದೆ. ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗದಂತೆ ಹೇಳಿದ್ದೇನೆ, ಆದರೂ ತೆರೆದೇ ಇಡುತ್ತೇನೆ, ಏಕೆಂದರೆ ಈ ಮಾದರಿಯಲ್ಲಿ ಬಿಸಿಯ ಒಂದು ಪಾಲು ಕೀಬೋರ್ಡ್ ಮೂಲಕವೇ ಹೋಗಬೇಕು.

ವೇಗದ ವಿಷಯಕ್ಕೆ ಬರೋಣ. ಇಂಟೆಲ್ 2008ರ ನೆಹಲೆಮ್ ಕಾಲದಿಂದ ಟರ್ಬೋ ಬೂಸ್ಟ್ ಅನ್ನುವುದನ್ನು ಕೊಡುತ್ತಿದೆ. ಶಾಖಕ್ಕೂ ಕರೆಂಟಿಗೂ ಅವಕಾಶ ಇದ್ದರೆ ಪ್ರೊಸೆಸರ್ ತಾನಾಗಿಯೇ ಮೂಲ ವೇಗ ದಾಟಿ ಓಡುತ್ತದೆ. ಬಳಸುವವರಿಗೆ ವರ, ಅಳೆಯುವವರಿಗೆ ಶಾಪ. ಅದನ್ನು ಮುಚ್ಚಿದೆ. ಕನಿಷ್ಠ ವೇಗ, ಗರಿಷ್ಠ ವೇಗ ಎರಡನ್ನೂ 2 ಗಿಗಾಹರ್ಟ್ಸ್‌ಗೆ ಕಟ್ಟಿದೆ. ಹೈಪರ್‌ಥ್ರೆಡಿಂಗ್ ಕೂಡ ಮುಚ್ಚಿದೆ. ಒಂದೇ ಕೋರ್‌ನ ಕ್ಯಾಶ್ (ಪ್ರೊಸೆಸರ್ ಒಳಗಿನ ಚಿಕ್ಕ, ವೇಗದ ಮೆಮೊರಿ) ಮತ್ತು ಲೆಕ್ಕದ ಘಟಕಗಳನ್ನು ಎರಡು ಥ್ರೆಡ್‌ಗಳು ಹಂಚಿಕೊಂಡರೆ ಒಂದರ ಗದ್ದಲ ಇನ್ನೊಂದರ ಲೆಕ್ಕಕ್ಕೆ ಬರುತ್ತದೆ. ಉಳಿದದ್ದು ಎರಡು ಕೋರ್. ಮೊದಲನೆಯದು ಸಿಸ್ಟಂಗೆ: ನೆಟ್‌ವರ್ಕ್, ಡಿಸ್ಕ್, ಲಾಗ್ ಎಲ್ಲ ಅಲ್ಲಿ. ಎರಡನೆಯದನ್ನು ಬೂಟ್ ಆಗುವಾಗಲೇ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಹೇಳಿ ಬೇರೆ ಮಾಡಿಟ್ಟೆ. ಅಲ್ಲಿ ಬೆಂಚ್‌ಮಾರ್ಕ್ ಬಿಟ್ಟು ಬೇರೆ ಯಾರಿಗೂ ಪ್ರವೇಶ ಇಲ್ಲ.

ಸರಿಯಾಗಿ ಕಟ್ಟಿದೆಯಾ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಪರ್ಫ್ ಅನ್ನುವ ಲಿನಕ್ಸ್ ಸಾಧನ ಪ್ರೋಗ್ರಾಂ ಎಷ್ಟು ಸೈಕಲ್ (ಪ್ರೊಸೆಸರ್ ಗಡಿಯಾರದ ಮಿಡಿತ) ತೆಗೆದುಕೊಂಡಿತು, ಎಷ್ಟು ಸೆಕೆಂಡ್ ಪ್ರೊಸೆಸರ್ ಮೇಲಿತ್ತು ಅಂತ ಎರಡನ್ನೂ ಕೊಡುತ್ತದೆ. ಸೈಕಲ್‌ಗಳನ್ನು ಸೆಕೆಂಡ್‌ನಿಂದ ಭಾಗಿಸಿದರೆ ನಿಜವಾಗಿ ಓಡಿದ ವೇಗ. ಹಳೆಯ ಯಂತ್ರದಲ್ಲಿ ಎಷ್ಟು ಸಲ ಓಡಿಸಿದರೂ 2ಕ್ಕೆ ಅಂಟಿಕೊಂಡೇ ಇತ್ತು. ಹೊಸ ಲ್ಯಾಪ್‌ಟಾಪ್‌ನಲ್ಲಿ ಇದೇ ಭಾಗಾಕಾರ ಮಾಡಿ ನೋಡಿ, ಪ್ರತಿ ಸಲ ಒಂದೊಂದು ಉತ್ತರ.

ತಾನೇ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿದ್ದೇನೆ. ಭದ್ರತೆಯ ದೃಷ್ಟಿಯಿಂದ ಇದು ಒಳ್ಳೆಯದಲ್ಲ, ಗೊತ್ತು. ಅದಕ್ಕೇ ಹೊರಗಿನಿಂದ ಈ ಯಂತ್ರಕ್ಕೆ ದಾರಿ ಇಲ್ಲ, ಒಳಗಿನ ಜಾಲದಿಂದ ಮಾತ್ರ. ಒಂದು ಪ್ರಯೋಗ ಮುಗಿದು ಇನ್ನೊಂದು ಶುರುವಾಗುವ ನಡುವೆ ನಾನೇ ಅಪ್‌ಡೇಟ್ ಮಾಡುತ್ತೇನೆ. ಕರ್ನಲ್ ಬದಲಾದರೆ ಅಳತೆಯೂ ಬದಲಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆ 2018ರ ಜನವರಿ. ಪ್ರೊಸೆಸರ್‌ಗಳ ಮೆಲ್ಟ್‌ಡೌನ್, ಸ್ಪೆಕ್ಟರ್ ಭದ್ರತಾ ದೋಷಗಳು ಹೊರಬಿದ್ದಾಗ ಅವಕ್ಕೆ ಹಾಕಿದ ತೇಪೆಗಳಿಂದ ಪ್ರೋಗ್ರಾಂ ಕರ್ನಲ್‌ನಿಂದ ಕೆಲಸ ಕೇಳುವ ಸಿಸ್ಟಂ ಕಾಲ್‌ಗಳೇ ದುಬಾರಿಯಾದವು. ಆ ತೇಪೆಗಿಂತ ಮುಂಚಿನ ಅಳತೆ, ಆಮೇಲಿನ ಅಳತೆ ಪಕ್ಕಪಕ್ಕ ಇಟ್ಟರೆ ಕಂಪೈಲರ್‌ನವರು ಯಾವ ಪಾಪವನ್ನೂ ಮಾಡದೆ ಬೈಸಿಕೊಳ್ಳುತ್ತಾರೆ. ಈಗ ಪ್ರತಿ ಫಲಿತಾಂಶದ ತಲೆಯ ಮೇಲೆ ಕರ್ನಲ್ ಆವೃತ್ತಿ, ಪ್ರೊಸೆಸರ್ ಒಳಗಿನ ಮೈಕ್ರೋಕೋಡ್‌ನ ಆವೃತ್ತಿ, ಶಾಖ, ವೇಗ ನಾಲ್ಕೂ ಬರುತ್ತವೆ. ಸಮಯ ಅಳೆಯುವುದು ಗೋಡೆ ಗಡಿಯಾರದಿಂದಲ್ಲ, ಸದಾ ಮುಂದಕ್ಕೇ ಎಣಿಸುವ ಮೊನೊಟೊನಿಕ್ ಗಡಿಯಾರದಿಂದ. ನಡುವೆ ಜಾಲದ ಮೂಲಕ ಸಮಯ ಸರಿಮಾಡುವ ಎನ್‌ಟಿಪಿ ಬಂದು ತಾರೀಖು ತಿದ್ದಿದರೂ ಅದು ಹಿಂದಕ್ಕೆ ಜಿಗಿಯುವುದಿಲ್ಲ.

4096ರ ಮುಳ್ಳು

ಇಷ್ಟಾದ ಮೇಲೆ ಒಂದೇ ಪ್ರೋಗ್ರಾಂನ ಅಳತೆಗಳು ಒಂದರ ಮೇಲೊಂದು ಬಿದ್ದವು. ಖುಷಿ ಪಡಬಹುದು, ಅಲ್ವಾ? ಇಲ್ಲೇ ಎಚ್ಚರ ಬೇಕು. ಮತ್ತೆ ಮತ್ತೆ ಅದೇ ಉತ್ತರ ಬಂದರೆ ಆ ಉತ್ತರ ಸರಿ ಅಂತ ಆಗುವುದಿಲ್ಲ.

2009ರಲ್ಲಿ ಟಾಡ್ ಮಿಟ್ಕೊವಿಚ್ ಮತ್ತು ಜೊತೆಗಾರರು ಒಂದು ಪ್ರಬಂಧದಲ್ಲಿ ಇದನ್ನು ತೋರಿಸಿದರು. ಲಿನಕ್ಸ್‌ನಲ್ಲಿ ಪ್ರತಿ ಪ್ರೋಗ್ರಾಂಗೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಸಿಗುತ್ತವೆ: ಬಳಕೆದಾರನ ಹೆಸರು, ಈಗಿರುವ ಫೋಲ್ಡರ್, ಇತ್ಯಾದಿ. ಪ್ರೋಗ್ರಾಂಗೂ ಅವಕ್ಕೂ ಏನೂ ಸಂಬಂಧ ಇಲ್ಲದಿದ್ದರೂ ಅವುಗಳ ಒಟ್ಟು ಉದ್ದ ಬದಲಾದರೆ ಓಟದ ಸಮಯ ಬದಲಾಗುತ್ತದೆ. ಕಂಪೈಲ್ ಆದ ತುಂಡುಗಳನ್ನು (ಆಬ್ಜೆಕ್ಟ್ ಫೈಲ್‌ಗಳನ್ನು) ಜೋಡಿಸುವ, ಅಂದರೆ ಲಿಂಕ್ ಮಾಡುವ ಕ್ರಮ ಬದಲಾದರೂ ಹಾಗೇ. ಕಾರಣ ಮಾಯಮಂತ್ರ ಅಲ್ಲ. ಈ ವೇರಿಯಬಲ್‌ಗಳು ಕೂರುವುದು ಸ್ಟ್ಯಾಕ್‌ನ, ಅಂದರೆ ಪ್ರೋಗ್ರಾಂ ತನ್ನ ತಾತ್ಕಾಲಿಕ ಮಾಹಿತಿ ಇಡುವ ಮೆಮೊರಿಯ ತುದಿಯಲ್ಲಿ. ಅವು ಉದ್ದವಾದಷ್ಟೂ ಪ್ರೋಗ್ರಾಂನ ಸ್ಟ್ಯಾಕ್ ಕೆಳಕ್ಕೆ ಸರಿಯುತ್ತದೆ. ಸರಿದಾಗ ಒಳಗಿನ ವೇರಿಯಬಲ್‌ಗಳ ವಿಳಾಸ ಬದಲಾಗುತ್ತದೆ, ಕ್ಯಾಶ್‌ಗೆ ಒಟ್ಟಿಗೆ ಬರುವ 64 ಬೈಟಿನ ತುಂಡಿನ, ಅಂದರೆ ಕ್ಯಾಶ್ ಲೈನ್‌ನ ಗಡಿ ಬೇರೆ ಕಡೆ ಬೀಳುತ್ತದೆ.

ಓದಿ ಗೊತ್ತಿದ್ದದ್ದೇ, ಆದರೂ ಕಣ್ಣಾರೆ ನೋಡುವ ಆಸೆ. ವಿಳಾಸಗಳನ್ನು ಪ್ರತಿ ಸಲ ಬೇರೆ ಬೇರೆ ಮಾಡುವ ಎಎಸ್‌ಎಲ್‌ಆರ್ ಅನ್ನು ಮುಚ್ಚಿದೆ. ಒಂದು ಖಾಲಿ ವೇರಿಯಬಲ್ ಮಾಡಿ, ಅದಕ್ಕೆ ಒಂದೊಂದೇ ಸಲಕ್ಕೆ 16 ಅಕ್ಷರ ಸೇರಿಸುತ್ತಾ 8192ರವರೆಗೆ ಹೋಗುವ ಸ್ಕ್ರಿಪ್ಟ್ ಬರೆದೆ. ಒಳಗೆ ಓಡುವುದು ಸ್ಟ್ಯಾಕ್ ಮೇಲಿನ ಒಂದೆರಡು ಸಂಖ್ಯೆಗಳನ್ನು ಸುತ್ತಿ ಸುತ್ತಿ ಹೆಚ್ಚಿಸುವ ಸಣ್ಣ ಲೂಪ್. ಸಂಜೆ ಬಿಟ್ಟು ಬೆಳಿಗ್ಗೆ ಗ್ರಾಫ್ ತೆಗೆದೆ.

ಉದ್ದಕ್ಕೂ ಸಪಾಟು ಗೆರೆ. ಅದರಲ್ಲಿ ಎರಡು ಕಡೆ ಮಾತ್ರ ಮುಳ್ಳು ಎದ್ದಂತೆ ಸಮಯ ಮೇಲಕ್ಕೆ ಹೋಗಿ ಮತ್ತೆ ಕೆಳಕ್ಕೆ ಬಂದಿತ್ತು. ಎರಡು ಮುಳ್ಳುಗಳ ನಡುವಿನ ದೂರ ಅಳೆದೆ: ಸರಿಯಾಗಿ 4096 ಬೈಟ್. ಇಂಟೆಲ್ ಪ್ರೊಸೆಸರ್ ಒಂದು ಓದು, ಅದಕ್ಕೆ ಮುಂಚಿನ ಒಂದು ಬರಹ ಎರಡೂ ಒಂದೇ ಜಾಗದ್ದಾ ಅಂತ ಬೇಗ ನೋಡುವಾಗ ವಿಳಾಸದ ಕೊನೆಯ 12 ಬಿಟ್ ಮಾತ್ರ ಹೋಲಿಸುತ್ತದೆ. 2ರ 12ನೇ ಘಾತ 4096. ವಿಳಾಸಗಳು ಬೇರೆಯಾಗಿದ್ದರೂ ಆ 12 ಬಿಟ್ ಹೊಂದಿಬಿಟ್ಟರೆ ಒಂದೇ ಜಾಗ ಇರಬಹುದು ಅಂದುಕೊಂಡು ಓದನ್ನು ಕಾಯಿಸುತ್ತದೆ. ನನ್ನ ಲೂಪ್‌ನ ಸ್ಟ್ಯಾಕ್ ವಿಳಾಸವೂ ಬೇರೆ ಕಡೆ ಇದ್ದ ಇನ್ನೊಂದು ಸಂಖ್ಯೆಯ ವಿಳಾಸವೂ ಆ ಎರಡು ಉದ್ದಗಳಲ್ಲಿ ಹಾಗೆ ಹೊಂದಿಕೊಂಡಿದ್ದವು.

ಅಂದರೆ, ನನ್ನ ಯೂಸರ್ ಹೆಸರು ಚಿಕ್ಕದು, ಪಕ್ಕದವರದ್ದು ಉದ್ದ ಅನ್ನುವ ಒಂದೇ ಕಾರಣಕ್ಕೆ ಇಬ್ಬರ ಪ್ರಬಂಧದಲ್ಲಿ ಬೇರೆ ಬೇರೆ ತೀರ್ಮಾನ ಬರಬಹುದು. ನಗು ಬರುವಂಥ ಮಾತು, ಆದರೆ ಗ್ರಾಫ್ ಎದುರಿಗೇ ಇದೆ.

ಹಾಗಾಗಿ ನನ್ನ ನಿಲುವು ಇದು: ಶಾಖ, ವೇಗ, ಪಕ್ಕದವರ ಗದ್ದಲ ಇವನ್ನು ಕಟ್ಟಿಹಾಕಬೇಕು. ಮೆಮೊರಿಯ ಜೋಡಣೆಯನ್ನು ಕಟ್ಟಿಹಾಕಬಾರದು, ಬೇಕಂತಲೇ ಕಲಸಬೇಕು. ಕಟ್ಟಿಹಾಕಿದರೆ ನಮ್ಮ ಪಾಲಿಗೆ ಬಂದ ಒಂದೇ ಜೋಡಣೆಯ ಅದೃಷ್ಟವನ್ನು ಅಳೆಯುತ್ತಾ ಕೂರುತ್ತೇವೆ. ಇದನ್ನು ಪೂರ್ತಿ ದೂರ ಒಯ್ದವರು ಚಾರ್ಲಿ ಕರ್ಟ್‌ಸಿಂಗರ್ ಮತ್ತು ಎಮೆರಿ ಬರ್ಗರ್. 2013ರಲ್ಲಿ ಅವರು ಕೋಡ್, ಸ್ಟ್ಯಾಕ್, ಹೀಪ್ ಮೂರರ ಜಾಗವನ್ನೂ ಓಡುತ್ತಿರುವಾಗಲೇ ಬದಲಿಸುವ ಸ್ಟೆಬಿಲೈಸರ್ ಅನ್ನುವುದನ್ನು ಕಟ್ಟಿದರು. ಹಾಗೆ ಕಲಸಿ ನೋಡಿದಾಗ ಎಲ್‌ಎಲ್‌ವಿಎಂ ಕಂಪೈಲರ್‌ನ ಕೋಡ್ ವೇಗಗೊಳಿಸುವ ಓ2 ಮತ್ತು ಅದಕ್ಕಿಂತ ಮೇಲಿನ ಓ3 ಹಂತಗಳ ನಡುವಿನ ವ್ಯತ್ಯಾಸ ಗದ್ದಲದಿಂದ ಬೇರೆ ಮಾಡಲಾಗದಷ್ಟು ಸಣ್ಣದು ಅಂತ ಕಂಡಿತು. ನಮ್ಮ ಕ್ಷೇತ್ರದವರು ಎಷ್ಟೋ ವರ್ಷ ಬೆವರು ಹರಿಸಿದ ಜಾಗ ಅದು!

ನಾನು ಮಾಡಿದ್ದು ಅಷ್ಟು ದೊಡ್ಡದಲ್ಲ. ಎಎಸ್‌ಎಲ್‌ಆರ್ ಮತ್ತೆ ತೆರೆದೆ, ಪ್ರತಿ ಓಟಕ್ಕೂ ವೇರಿಯಬಲ್‌ನ ಉದ್ದ ಬದಲಿಸಿದೆ, ಲಿಂಕ್ ಮಾಡುವ ಕ್ರಮ ಕಲಸಿದೆ. ಹಳೆಯ ಕೋಡ್ ಅ, ಹೊಸದು ಬ ಅಂದರೆ, ಮೊದಲು ಎಲ್ಲ ಅ ಆಮೇಲೆ ಎಲ್ಲ ಬ ಓಡಿಸುವುದಿಲ್ಲ. ಅ ಬ ಬ ಅ ಅಂತ ಹೆಣೆದು ಓಡಿಸುತ್ತೇನೆ. ಕೋಣೆ ನಿಧಾನಕ್ಕೆ ಬಿಸಿಯಾದರೂ ಎರಡಕ್ಕೂ ಸಮ ಪಾಲು ಸಿಗುತ್ತದೆ. ಕೊನೆಗೆ ಒಂದು ಸರಾಸರಿ ಬರೆದು ಮುಗಿಸುವ ಬದಲು ಎಲ್ಲ ಅಳತೆಗಳನ್ನೂ ಚುಕ್ಕಿಗಳಾಗಿ ಇಡುತ್ತೇನೆ.

ಮೊದಲ ಗಿರಾಕಿ

ಯಂತ್ರ ತಯಾರಾದ ಸುದ್ದಿ ಹಬ್ಬಿದ ಮೇಲೆ ಗುಂಪಿನ ಕಿರಿಯ ಸಂಶೋಧಕಿಯೊಬ್ಬಳು ಬಂದಳು. ಕೀಲಿ ಕೊಟ್ಟರೆ ಅದರ ನಮೂದು ಹುಡುಕಿಕೊಡುವ ಹ್ಯಾಶ್ ಟೇಬಲ್‌ನಲ್ಲಿ ಹುಡುಕುವ ಲೂಪ್‌ನಿಂದ ಕೆಲವು ಸೂಚನೆಗಳನ್ನು ಕಡಿಮೆ ಮಾಡುವ ಬದಲಾವಣೆ ಅವಳದ್ದು. ತನ್ನ ಲ್ಯಾಪ್‌ಟಾಪ್‌ನಲ್ಲಿ ನೂರಕ್ಕೆ ಮೂರರಷ್ಟು ಲಾಭ ಕಂಡಿತ್ತಂತೆ, ಮಾರನೇ ದಿನ ಕಾಣಲಿಲ್ಲವಂತೆ.

"ಸರ್, ನಿಮ್ಮ ಆ ಹಳೇ ಡಬ್ಬದಲ್ಲಿ ಒಂದ್ಸಲ ಓಡಿಸಿ ನೋಡೋಣ್ವಾ?"

"ನೋಡೋಣ. ಆದ್ರೆ ಅದು ಏನು ಹೇಳತ್ತೋ ಅದನ್ನ ಒಪ್ಕೋಬೇಕು."

ಬೆಳಿಗ್ಗೆ ಚುಕ್ಕಿಗಳನ್ನು ನೋಡಿದರೆ ಅ ಮತ್ತು ಬ ಎರಡರ ಮೋಡ ಒಂದರ ಮೇಲೊಂದು ಕೂತಿದ್ದವು. ವೇಗದಲ್ಲಿ ವ್ಯತ್ಯಾಸ ಇಲ್ಲ. ಅವಳ ಮುಖ ಸಪ್ಪಗಾಯಿತು. ಆದರೆ ಪರ್ಫ್ ಕೊಟ್ಟ ಇನ್ನೊಂದು ಸಾಲು ನೋಡಿದರೆ ಸೂಚನೆಗಳ ಸಂಖ್ಯೆ ನಿಜಕ್ಕೂ ಇಳಿದಿತ್ತು. ಅವಳ ಬದಲಾವಣೆ ತನ್ನ ಕೆಲಸ ಮಾಡಿತ್ತು. ಸೂಚನೆ ಕಡಿಮೆ, ಸೈಕಲ್ ಅಷ್ಟೇ. ಹೀಗಾದರೆ ಪ್ರೊಸೆಸರ್ ಇನ್ನೇನನ್ನೋ ಕಾಯುತ್ತಿದೆ ಅಂತ ಅರ್ಥ. ಕ್ಯಾಶ್‌ನಲ್ಲಿ ಸಿಗದೆ ಮೆಮೊರಿಗೆ ಹೋಗಬೇಕಾದ ಸಲಗಳನ್ನು ಎಣಿಸಿದಾಗ ಗುಟ್ಟು ಬಯಲಾಯಿತು. ಪ್ರತಿ ಹುಡುಕಾಟವೂ ಮೆಮೊರಿಯಿಂದ ಒಂದು ತುಂಡು ಬರುವವರೆಗೆ ನಿಂತಿರುತ್ತಿತ್ತು. ಆ ಕಾಯುವ ಹೊತ್ತಿನಲ್ಲಿ ಹಳೆಯ ಕೋಡ್‌ನ ಹೆಚ್ಚುವರಿ ಸೂಚನೆಗಳು ಪುಕ್ಕಟೆಯಾಗಿ ಮುಗಿದುಹೋಗುತ್ತಿದ್ದವು. ಪುಕ್ಕಟೆ ಇದ್ದದ್ದನ್ನು ತೆಗೆದರೆ ಉಳಿತಾಯ ಎಲ್ಲಿಂದ ಬರಬೇಕು?

ಇಬ್ಬರೂ ಕೂತು ಆ ಟೇಬಲ್‌ನ ಒಂದು ನಮೂದಿನ ಒಳಗೆ ಏನೇನಿದೆ ಅಂತ ಹಾಳೆಯ ಮೇಲೆ ಬರೆದೆವು. ಹುಡುಕುವಾಗ ಬೇಕಾದ್ದು ಕೀಲಿ ಮತ್ತು ಅದರ ಹ್ಯಾಶ್ ಮಾತ್ರ. ಆದರೆ ಅವೆರಡರ ನಡುವೆ ಹುಡುಕುವಾಗ ಬೇಕೇ ಇಲ್ಲದ ಬೇರೆ ವಿವರಗಳು ತುಂಬಿ, ಎರಡೂ ಬೇರೆ ಬೇರೆ ಕ್ಯಾಶ್ ಲೈನ್‌ಗೆ ಬೀಳುತ್ತಿದ್ದವು. ಬೇಕಾದ ಎರಡನ್ನು ಪಕ್ಕಪಕ್ಕ ತಂದು, ಒಂದೇ 64 ಬೈಟ್ ಒಳಗೆ ಕೂರಿಸಿ, ಉಳಿದದ್ದನ್ನು ಇನ್ನೊಂದು ಪಟ್ಟಿಗೆ ಸಾಗಿಸಿದಳು. ರಾತ್ರಿ ಮತ್ತೆ ಸಾಲಿಗೆ ಹಾಕಿದೆವು. ಈ ಸಲ ಎರಡು ಮೋಡಗಳ ನಡುವೆ ಖಾಲಿ ಜಾಗ ಇತ್ತು. ಒಂದು ಚುಕ್ಕಿಯೂ ಆ ಕಡೆಯಿಂದ ಈ ಕಡೆಗೆ ಬಂದಿರಲಿಲ್ಲ. ಆಮೇಲೆ ಅವಳ ಲ್ಯಾಪ್‌ಟಾಪ್‌ನಲ್ಲೂ ನೋಡಿದೆವು, ಗದ್ದಲದ ನಡುವೆಯೂ ಲಾಭ ಕಾಣುತ್ತಿತ್ತು. ಹಳೆಯ ಪ್ರೊಸೆಸರ್‌ನಲ್ಲಿ ನಿಜವಾದದ್ದು ಹೊಸದರಲ್ಲೂ ನಿಜ ಆಗಲೇಬೇಕು ಅಂತೇನಿಲ್ಲ, ಕ್ಯಾಶ್ ಗಾತ್ರವೇ ಬೇರೆ. ಹಾಗಾಗಿ ಕೊನೆಯ ಮಾತನ್ನು ಯಾವತ್ತೂ ಹೊಸ ಯಂತ್ರದಲ್ಲೂ ಒಮ್ಮೆ ಪರೀಕ್ಷಿಸಿಯೇ ಬರೆಯುವುದು.

ಈಗ ಡಬ್ಬದ ಮುಂದೆ ಸರತಿ ಇದೆ. ಒಂದು ಫೋಲ್ಡರ್, ಒಂದು ಬೀಗದ ಫೈಲ್, ಅದನ್ನು ನೋಡುವ ಚಿಕ್ಕ ಶೆಲ್ ಸ್ಕ್ರಿಪ್ಟ್, ಅಷ್ಟೇ ಸಾಫ್ಟ್‌ವೇರ್. ಕಂಪೈಲ್ ಮಾಡುವುದೆಲ್ಲ ವೇಗದ ಯಂತ್ರಗಳಲ್ಲಿ, ಇಲ್ಲಿಗೆ ಬರುವುದು ತಯಾರಾದ ಬೈನರಿ ಮಾತ್ರ. ಒಬ್ಬರದ್ದು ಮುಗಿಯುವವರೆಗೆ ಇನ್ನೊಬ್ಬರದ್ದು ಶುರುವಾಗುವುದಿಲ್ಲ. ಲಾಗಿನ್ ಆಗಿ, ಏನೇನು ಓಡುತ್ತಿದೆ ಅಂತ ತೋರಿಸುವ ಟಾಪ್ ಓಡಿಸುತ್ತಾ ಕೂರಬೇಡಿ ಅಂತ ಎಲ್ಲರಿಗೂ ಹೇಳಿದ್ದೇನೆ.

ಬಾಕಿ ಇರುವ ಕೆಲಸ ಎರಡು. ಫ್ಯಾನ್‌ನ ಬೇರಿಂಗ್ ಚಳಿಯಲ್ಲಿ ಶುರುವಾಗುವಾಗ ಕಿರ್ ಅನ್ನುತ್ತದೆ, ಪೂರ್ತಿ ಕೈಕೊಡುವ ಮುಂಚೆ ಅದೇ ಮಾದರಿಯ ಇನ್ನೊಂದನ್ನು ತರಿಸಿಡಬೇಕು. ಎರಡನೆಯದು, ಇಂಟೆಲ್ 2011ರ ಸ್ಯಾಂಡಿ ಬ್ರಿಜ್‌ನಿಂದ ಪ್ರೊಸೆಸರ್ ಎಷ್ಟು ಶಕ್ತಿ ಬಳಸಿತು ಅಂತ ಹೇಳುವ ರಾಪಲ್ ಎಣಿಕೆಗಳನ್ನು ಕೊಡುತ್ತಿದೆ, ಈ ಲ್ಯಾಪ್‌ಟಾಪ್‌ನಲ್ಲೂ ಅದು ಇದೆ. ಬ್ಯಾಟರಿ ಇಲ್ಲದ ಕಾರಣ ಚಾರ್ಜಿಂಗ್‌ನ ಗೊಂದಲವಿಲ್ಲದೆ ಗೋಡೆಯ ಪ್ಲಗ್‌ನಲ್ಲೂ ಒಂದು ಮೀಟರ್ ಇಟ್ಟು ಎರಡನ್ನೂ ತಾಳೆ ನೋಡಬಹುದು. ಮೀಟರ್ ಬಂದಿದೆ, ಅದರ ಸೀರಿಯಲ್ ಪೋರ್ಟ್‌ನಿಂದ ಸಂಖ್ಯೆ ಓದುವ ಕೋಡ್ ಅರ್ಧ ಆಗಿದೆ.